ಹೊನ್ನಪ್ಪನ ಕೈ, ನನ್ನ ಹೊಟ್ಟೆಕಿಚ್ಚು

ದನದ ಆಸ್ಪತ್ರೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಾಣಲು ಬಂದರೆ ಕೇಳುವುದು ಹೆಚ್ಚಾಗಿ ಒಂದೇ ನಮೂನೆಯ ಪ್ರಶ್ನೆ. ಎಷ್ಟು ಸಲ ಒದೆ ತಿಂದಿದ್ದೀರಿ? ಹಾವು ಕಚ್ಚಿದ ಎಮ್ಮೆ ಬದುಕಿದ್ದು ಕಂಡಿದ್ದೀರಾ? ಆಗ ಇಂಜೆಕ್ಷನ್ ಇತ್ತೇ? ಇವಕ್ಕೆಲ್ಲ ನಾನು ಸಂತೋಷದಿಂದ ಉತ್ತರ ಹೇಳುತ್ತೇನೆ. ಆದರೆ ಒಂದು ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ. ಬೆಳಿಗ್ಗೆ ಎದ್ದು ಆಸ್ಪತ್ರೆಯ ಬಾಗಿಲು ತೆಗೆಯಲು ಕೈಯೇ ಬಾರದ ದಿನ ನಿಮಗೆ ಬಂದಿತ್ತೇ ಎಂದು.

ಬಂದಿತ್ತು. ಒಂದು ದಿನವಲ್ಲ, ಇಡೀ ಒಂದು ವಾರ. ಈಗಿನವರು ಅದಕ್ಕೊಂದು ಇಂಗ್ಲಿಷ್ ಹೆಸರು ಇಟ್ಟಿದ್ದಾರಂತೆ. ಕೆಲಸ ಹೆಚ್ಚಾಗಿ ಮನುಷ್ಯ ಒಳಗೇ ಸುಟ್ಟುಹೋಗುವುದು ಎಂದು ಅದರ ಅರ್ಥವಂತೆ. ನನ್ನ ಮಟ್ಟಿಗೆ ಅದು ಅರ್ಧ ನಿಜ. ಕೆಲಸ ಹೆಚ್ಚಿತ್ತು, ಹೌದು. ಆದರೆ ನನ್ನೊಳಗೆ ಉರಿಯುತ್ತಿದ್ದದ್ದು ಹೊಟ್ಟೆಕಿಚ್ಚು. ಅದು ಒಬ್ಬ ಮನುಷ್ಯನ ಮೇಲೆ, ಹೊನ್ನಪ್ಪ ಅಂಬಿಗನ ಮೇಲೆ.

ಐವತ್ತರ ದಶಕದ ಕೊನೆಗೆ ನಾನು ಕಂಪೌಂಡರ್ ಆಗಿ ಸೇರಿದೆ. ಕುಮಟಾ ಹೊನ್ನಾವರಗಳ ನಡುವೆ ರಸ್ತೆಯ ಬದಿಯ ಒಂದು ಹಂಚಿನ ಕಟ್ಟಡ. ಎದುರಿಗೆ ದನವನ್ನು ನಿಲ್ಲಿಸಿ ಕಟ್ಟಲು ಮರದ ಚೌಕಟ್ಟು, ಹಿಂದೆ ಬಾವಿ. ಒಬ್ಬರು ಡಾಕ್ಟರು, ಒಬ್ಬ ಜವಾನ, ಮೊದಲಿಗೆ ನಾನೊಬ್ಬನೇ ಕಂಪೌಂಡರ್. ಗಾಜಿನ ಸಿರಿಂಜನ್ನು ಕುದಿಯುವ ನೀರಿಗೆ ಹಾಕುವುದು, ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡುವುದು, ಜ್ವರದ ಔಷಧ ಬೆರೆಸುವುದು, ಹುಣ್ಣು ತೊಳೆಯುವುದು, ದನ ಕೆಡವಿ ಹಿಡಿಯುವುದು, ಡಾಕ್ಟರು ಬೇರೆ ಊರಿಗೆ ಹೋದ ದಿನ ಬಂದವರಿಗೆ ಧೈರ್ಯ ಹೇಳುವುದು, ಎಲ್ಲ ನನ್ನದೇ. ನನ್ನ ಹೆಸರು ತಿಮ್ಮಪ್ಪ ನಾಯ್ಕ, ಜನ "ತಿಮ್ಮಪ್ಪ ಡಾಕ್ಟ್ರು" ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಒಮ್ಮೆಯೂ ತಿದ್ದಲಿಲ್ಲ.

ವರ್ಷ ಕಳೆಯುವ ಮೊದಲೇ ಎರಡನೆಯ ಕಂಪೌಂಡರ್ ಆಗಿ ಹೊನ್ನಪ್ಪ ಬಂದ. ಶರಾವತಿಯ ಕಡವಿನಲ್ಲಿ ದೋಣಿ ನಡೆಸುವವರ ಮನೆಯವನು. ಉದ್ದಕ್ಕೆ ಬೆಳೆದ ಆಳು, ಆದರೆ ಕೈಗಳು ಮಾತ್ರ ಹೆಂಗಸರ ಕೈಗಳಂತೆ ಸಪೂರ. ಕೆಲಸಕ್ಕೆ ಬಂದ ಎರಡನೆಯ ವಾರ ಹತ್ತಿರದ ಕರ್ಕಿ ಊರಿನ ಒಂದು ಎಮ್ಮೆಯನ್ನು ಹೊಡೆದುಕೊಂಡು ಬಂದರು. ಕೋಡಿನ ಬುಡದಲ್ಲಿ ಹುಳ ಬಿದ್ದಿತ್ತು. ನಾನು ಹತ್ತಿರ ಹೋದರೆ ಅದು ತಲೆ ಬೀಸಿ ಚೌಕಟ್ಟನ್ನೇ ಅಲ್ಲಾಡಿಸಿತು. ಹೊನ್ನಪ್ಪ ಎದುರಿಗೆ ಬಂದು ಅದರ ಮೂಗಿನ ಹತ್ತಿರ ಕೈ ಹಿಡಿದು ಸುಮ್ಮನೆ ನಿಂತ. ಮೂಸಲಿ ಎಂದು. ಬೀಡಿ ಸೇದಿ ಮುಗಿಸುವಷ್ಟು ಹೊತ್ತು ನಿಂತ. ಆಮೇಲೆ ಅದು ತಲೆ ತಗ್ಗಿಸಿತು. ಅವನು ಚಿಮಟದಿಂದ ಒಂದೊಂದೇ ಹುಳ ತೆಗೆಯುತ್ತಿದ್ದರೆ ಎಮ್ಮೆಯ ಯಜಮಾನ ನನ್ನತ್ತ ತಿರುಗಿ ಹೇಳಿದ, "ಇವ್ರು ಯಾರ್ರಾ? ಒಳ್ಳೆ ಕೈ ಇದೆ."

ಆ ಮಾತು ನನಗೆ ಇನ್ನೂ ನೆನಪಿದೆ ಎಂದರೆ ಅದು ಎಲ್ಲಿ ತಾಗಿತೆಂದು ನೀವೇ ಊಹಿಸಿ.

ಅಲ್ಲಿಂದ ಶುರುವಾಯಿತು. ಬಾಗಿಲಿಗೆ ಬಂದವರು ಒಳಗೆ ಇಣುಕಿ, "ಹೊನ್ನಪ್ಪ ಇಲ್ವಾ?" ಎನ್ನುತ್ತಿದ್ದರು. ನಾನು ಅಲ್ಲೇ ನಿಂತಿರುತ್ತಿದ್ದೆ. ನನಗಿಂತ ಹಿಂದೆ ಬಂದವನು, ಔಷಧದ ಹೆಸರು ಬರೆಯುವಾಗ ನನ್ನನ್ನು ಕೇಳಿ ಬರೆಯುವವನು, ಅವನನ್ನೇ ಕೇಳುತ್ತಾರೆ. ಅದಕ್ಕಿಂತಲೂ ನನ್ನನ್ನು ಸುಡುತ್ತಿದ್ದದ್ದು ಇನ್ನೊಂದು. ಸಂಜೆ ಐದು ಹೊಡೆದರೆ ಹೊನ್ನಪ್ಪ ಕೈ ತೊಳೆದು, ಅಂಗಿ ಬದಲಿಸಿ, ಸೈಕಲ್ ಹತ್ತಿ ಹೊರಟೇಬಿಡುತ್ತಿದ್ದ. ಕರ್ಕಿಯಲ್ಲಿ ಒಬ್ಬ ಹಿರಿಯರ ಹತ್ತಿರ ಮದ್ದಳೆ ಕಲಿಯುತ್ತಿದ್ದ. ಮಧ್ಯಾಹ್ನ ಒಂದು ದನ ಅವನ ತೊಡೆಯ ಮೇಲೆ ತಲೆಯಿಟ್ಟು ಸತ್ತಿದ್ದರೂ ಸಂಜೆ ಅವನು ಮದ್ದಳೆ ಬಾರಿಸಬಲ್ಲವನಾಗಿದ್ದ. ನಾನಾದರೋ ಮನೆಗೆ ಬಂದು ಎದುರಿಗೆ ಗಂಜಿ ಇಟ್ಟುಕೊಂಡು ಆ ದನದ ಕಣ್ಣನ್ನೇ ನೋಡುತ್ತಿದ್ದೆ. ಇವನಿಗೆ ಮನಸ್ಸೇ ಇಲ್ಲ ಎಂದು ಅಂದುಕೊಂಡೆ. ಮನಸ್ಸಿಲ್ಲದವನಿಗೆ ದನ ಹೇಗೆ ಒಲಿಯುತ್ತದೆ ಎಂದು ಮಾತ್ರ ಯೋಚಿಸಲಿಲ್ಲ.

ಅದೇ ವರ್ಷ ದೊಡ್ಡ ರೋಗದ ಲಸಿಕೆ ಹಾಕಲು ನಮ್ಮಿಬ್ಬರನ್ನೂ ಒಂದು ವಾರದ ಮಟ್ಟಿಗೆ ಭಟ್ಕಳಕ್ಕೆ ಕಳಿಸಿದರು. ಈ ದೊಡ್ಡ ರೋಗವನ್ನು ನೀವು ಕಂಡಿಲ್ಲ, ಕಾಣುವುದೂ ಬೇಡ. ಬಾಯಿ ಹುಣ್ಣಾಗಿ, ಭೇದಿ ಹತ್ತಿ, ಒಂದು ಕೇರಿಯ ಕೊಟ್ಟಿಗೆಗಳೆಲ್ಲ ಖಾಲಿಯಾಗುತ್ತಿದ್ದವು. ಲಸಿಕೆಯನ್ನು ಥರ್ಮಾಸಿನಲ್ಲಿ ಐಸಿನ ಜೊತೆ ಇಟ್ಟು ಒಯ್ಯಬೇಕು. ಐಸು ಸಿಗುತ್ತಿದ್ದದ್ದು ಮೀನು ವ್ಯಾಪಾರದವರ ಹತ್ತಿರ. ಮೀನಿನ ವಾಸನೆಯ ಆ ಐಸು ಕರಗುವುದರೊಳಗೆ, ನೀರಿಗೆ ಬೆರೆಸಿದ ಔಷಧ ಕೆಡುವುದರೊಳಗೆ ಎಲ್ಲ ದನಗಳಿಗೂ ಚುಚ್ಚಿ ಮುಗಿಯಬೇಕು. ನನ್ನಲ್ಲಿ ಅವಸರವೆಂಬುದು ಒಂದು ಚಟವಾದದ್ದು ಆಗಲೇ. ಲಸಿಕೆಗೆ ಅವಸರ ಬೇಕಿತ್ತು. ಬೇರೆ ಕೆಲಸಕ್ಕೆ ಬೇಕಿರಲಿಲ್ಲ. ಆ ವ್ಯತ್ಯಾಸ ನನಗೆ ಹೊಳೆಯಲಿಲ್ಲ.

ಭಟ್ಕಳದಲ್ಲಿ ನಾಲ್ಕನೆಯ ದಿನ ಮಧ್ಯಾಹ್ನ ಒಂದು ನವಾಯತ ಮುಸಲ್ಮಾನರ ಮನೆಯಿಂದ ಕರೆ ಬಂತು. ಆಡು ಮರಿ ಹಾಕಲಾರದೆ ಬೆಳಗಿನಿಂದ ಒದ್ದಾಡುತ್ತಿದೆ ಎಂದು. ಹೊನ್ನಪ್ಪ ಊಟ ಮುಗಿಸಿ ಸಮುದ್ರದ ಕಡೆ ಹೋಗಿದ್ದ. ನಾನು ಹೋದೆ. ಹಿತ್ತಲಿನಲ್ಲಿ ಆಡು ಮಲಗಿತ್ತು. ಮನೆಯ ಹಿರಿಯ ಹೆಂಗಸು ಬಾಗಿಲ ಮರೆಯಲ್ಲಿ ನಿಂತು ಮಾತಾಡುತ್ತಿದ್ದರು. ನಾನು ಕೈಗೆ ಸಾಬೂನು ಹಚ್ಚಿ ಪ್ರಯತ್ನಿಸಿದೆ. ನನ್ನದು ಗದ್ದೆಯಲ್ಲಿ ಹಾರೆ ಹಿಡಿದು ಬೆಳೆದ ಅಗಲದ ಕೈ. ಆಡು ಕಿರುಚಿತು. ಎರಡನೆಯ ಸಲವೂ ಕಿರುಚಿತು.

"ಯಾರು ಬಂದದ್ದು?" ಬಾಗಿಲ ಮರೆಯಿಂದ ಕೇಳಿದರು. "ನಿನ್ನೆ ಬಂದಿದ್ದ ಉದ್ದದವ ಅಲ್ವಾ?"

"ನಾನು ಅವನಿಗಿಂತ ಮೊದಲಿನವ, ಅಮ್ಮಾ."

"ಇರ್ಲಿ ಬಾಬಾ. ಅವ್ನ ಕೈ ಸಣ್ಣ ಇದೆ. ಅವ್ನಿಗೆ ಕರ್ಕೊಂಡು ಬಾ."

ನಾನು ಸಮುದ್ರದ ದಂಡೆಗೆ ಓಡಿದೆ. ಹೊನ್ನಪ್ಪ ಎದೆಮಟ್ಟ ನೀರಿನಲ್ಲಿ ನಿಂತಿದ್ದ. ಬೆಳಿಗ್ಗೆ ಒಂದು ಕರು ಅವನ ಕೈಯಲ್ಲೇ ಸತ್ತಿತ್ತು. ನಾನು ಕೂಗಿದೆ. ಅವನು ಕೈ ಎತ್ತಿ ತಡೆ ಎಂದು ಸನ್ನೆ ಮಾಡಿ, ಮೂರು ಮುಳುಗು ಹಾಕಿ, ಆಮೇಲೆ ಬಂದ. ಆ ಮೂರು ಮುಳುಗಿನ ಹೊತ್ತಿನಲ್ಲಿ ನಾನು ಅವನನ್ನು ಎಷ್ಟು ಬೈದುಕೊಂಡೆನೆಂದರೆ, ಅವನು ನೀರಿನಿಂದ ಎದ್ದು ಬರುವಾಗ ನನಗೆ ಅವನ ಮುಖ ನೋಡಲಾಗಲಿಲ್ಲ. ಮನೆಗೆ ಬಂದವನೇ ಆಡಿನ ಬೆನ್ನು ಸವರಿ, ಎಣ್ಣೆ ಕೇಳಿ ಹಚ್ಚಿಕೊಂಡು, ಹಿಂದಕ್ಕೆ ಮಡಚಿದ್ದ ಮರಿಯ ಕಾಲನ್ನು ಸರಿಮಾಡಿ ಎಳೆದ. ಒಂದು ಮರಿ ಸತ್ತಿತ್ತು, ಒಂದು ಬದುಕಿತು. ಬಾಗಿಲ ಮರೆಯಿಂದ ಎರಡು ಲೋಟ ಶರಬತ್ತು ಬಂತು. ಅವನು ಕುಡಿದ. ನಾನು ಬಾಯಾರಿಕೆಯಿಲ್ಲ ಎಂದೆ. ಗಂಟಲು ಒಣಗಿ ಅಂಟಿಕೊಂಡಿತ್ತು.

ಕೈಯನ್ನು ಸಣ್ಣದು ಮಾಡಿಕೊಳ್ಳಲು ಆಗುವುದಿಲ್ಲವಲ್ಲ. ಹಾಗಾಗಿ ಬೇರೆ ದಾರಿ ಹಿಡಿದೆ. ಅವನಿಗಿಂತ ಹೆಚ್ಚು ಕೆಲಸ ಮಾಡುವುದು. ಅವನು ಐದಕ್ಕೆ ಹೋದರೆ ನಾನು ಏಳರವರೆಗೆ ಕೂರುವುದು. ಭಾನುವಾರ ಹಳ್ಳಿಗಳಿಗೆ ಹೋಗುವುದು. ಅವನ ಸರದಿಯ ಊರುಗಳಿಗೂ ಅವನಿಗಿಂತ ಮೊದಲೇ ಹೋಗಿ ಬರುವುದು. "ಹೊನ್ನಪ್ಪಂಗೆ ಪುರುಸೊತ್ತಿಲ್ಲ, ಮದ್ದಳೆ ಇದೆ," ಎಂದು ಜನರಿಗೆ ಹೇಳುವುದು. ಸುಳ್ಳಲ್ಲ. ಆದರೆ ಹೇಳುವ ಅಗತ್ಯವಿರಲಿಲ್ಲ.

ಹೀಗೆ ಮೂರು ವರ್ಷ. ಒಂದು ದಿನವೂ ರಜೆ ತೆಗೆಯಲಿಲ್ಲ. ಅದರ ಗುರುತುಗಳು ಒಂದೊಂದಾಗಿ ಬಂದವು. ನಿಮಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಮೊದಲು ಹಸಿವು ಹೋಯಿತು, ಕೈಗೆ ಎಷ್ಟು ಸಾಬೂನು ಹಚ್ಚಿದರೂ ಫಿನಾಯಿಲಿನ ವಾಸನೆ ಅನ್ನಕ್ಕೆ ಹತ್ತುತ್ತಿತ್ತು. ಆಮೇಲೆ ದನದ ಜೊತೆ ಬಂದ ಮನುಷ್ಯರ ಮಾತು ಕೇಳಿಸದಾಯಿತು. ಅವರು ಬಾಯಿ ತೆರೆದೊಡನೆ "ಆತು ಆತು, ಹಿಡ್ಕೊಳ್ಳಿ" ಎನ್ನುತ್ತಿದ್ದೆ. ಆಮೇಲೆ ದನ ಸತ್ತರೂ ಏನೂ ಅನ್ನಿಸದ ದಿನ ಬಂತು. ಅದನ್ನು ನಾನು ಅನುಭವವೆಂದು ತಿಳಿದು ಹೆಮ್ಮೆಪಟ್ಟೆ. ಹೊನ್ನಪ್ಪನ ಮಟ್ಟಕ್ಕೆ ಬಂದೆ ಎಂದುಕೊಂಡೆ.

ನನ್ನ ಹೆಂಡತಿ ಗಿರಿಜೆ ಒಂದು ದಿನ ಅನ್ನ ಬಡಿಸುತ್ತ ಹೇಳಿದಳು, "ನಮ್ಮನೆ ದನಕ್ಕೆ ಎರಡು ದಿನದಿಂದ ಮೇವು ಬೇಡಾಗಿದೆ. ನಿಮ್ಗೆ ಹೇಳುಕೇ ಹೆದರಿಕೆ ಆಯ್ತು."

"ಎಂತಕ್ಕೆ ಹೆದರಿಕೆ?"

"ಹೇಳಿದ್ರೆ ನೀವು ಅದಕ್ಕೂ ಬಯ್ತ್ರಿ, ನನಗೂ ಬಯ್ತ್ರಿ."

ನಾನು ಅವಳಿಗೆ ಬೈದೆ.

ಮೂರನೆಯ ವರ್ಷದ ಬೇಸಿಗೆಗೆ ಕುಮಟಾ ಕಡೆಯ ಬಾಡ ಎಂಬ ಹಳ್ಳಿಯಲ್ಲಿ ಕಾಲುಬಾಯಿ ಬೇನೆ ಎದ್ದಿತು. ಡಾಕ್ಟರು ನಮ್ಮಿಬ್ಬರನ್ನೂ ಕಳಿಸಿದರು. ಒಂದೇ ಕೇರಿಯಲ್ಲಿ ಮನೆಮನೆಯಲ್ಲೂ ದನಗಳು ಜೊಲ್ಲು ಸುರಿಸುತ್ತ ನಿಂತಿದ್ದವು. ಕೆಂಪು ಹರಳಿನ ನೀರಿನಿಂದ ಬಾಯಿ ತೊಳೆದು, ಗೊರಸಿನ ನಡುವೆ ಔಷಧ ಹಚ್ಚಿ, ಜ್ವರವಿದ್ದವಕ್ಕೆ ಬಿದಿರಿನ ಗೊಟ್ಟದಿಂದ ಔಷಧ ಕುಡಿಸಬೇಕು. ಗೊಟ್ಟ ಹಾಕುವುದು ನೋಡಲು ಸುಲಭ. ದನದ ತಲೆಯನ್ನು ಸ್ವಲ್ಪವೇ ಎತ್ತಬೇಕು, ಒಂದೊಂದು ಗುಟುಕಿಗೂ ನುಂಗಲು ಬಿಡಬೇಕು, ಕೆಮ್ಮಿದರೆ ತಕ್ಷಣ ತಲೆ ಕೆಳಗೆ ಬಿಡಬೇಕು. ತಲೆ ಹೆಚ್ಚು ಎತ್ತಿ ಸುರಿದರೆ ಔಷಧ ಹೊಟ್ಟೆಗೆ ಹೋಗುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಿ ಹುಣ್ಣಾದ ದನಕ್ಕಂತೂ ನುಂಗುವುದೇ ಕಷ್ಟ. ಇದು ಕಂಪೌಂಡರ್ ಕಲಿಯುವ ಮೊದಲನೆಯ ಪಾಠ. ಹೊನ್ನಪ್ಪ ಬಂದ ಹೊಸದರಲ್ಲಿ ಅವನಿಗೂ ಇದನ್ನು ಒತ್ತಿ ಹೇಳಿದವನೇ ನಾನು.

ಮಧ್ಯಾಹ್ನವಾದಾಗ ಹೊನ್ನಪ್ಪ ಒಂದು ತೆಂಗಿನ ಬುಡದಲ್ಲಿ ಕೂತು ಬುತ್ತಿ ಬಿಚ್ಚಿದ. "ತಿಮ್ಮಣ್ಣ, ಬಾ. ಉಂಡ್ಕೊಂಡು ಮಾಡುವಾ. ಕೈ ಸೋತಿದೆ."

"ನಿನ್ನ ಕೈ ಸೋತಿದ್ರೆ ಕೂತ್ಕೋ. ನಂಗೆ ಸೋತಿಲ್ಲ," ಎಂದು ನಾನು ಮುಂದಿನ ಮನೆಗೆ ಹೋದೆ. ಅವನು ಉಣ್ಣುವಷ್ಟರಲ್ಲಿ ನಾಲ್ಕು ಮನೆ ಮುಗಿಸುತ್ತೇನೆ, ಸಂಜೆ ಊರವರು ಯಾರು ಹೆಚ್ಚು ಮಾಡಿದರೆಂದು ನೋಡಲಿ ಎಂಬುದೇ ತಲೆಯಲ್ಲಿತ್ತು.

ಮೂರನೆಯ ಮನೆ ನಾಗಮ್ಮನದು. ಗಂಡ ಮೀನಿಗೆ ಹೋಗುವವನು, ಸಮುದ್ರದಲ್ಲಿದ್ದ. ಇವಳು ಮನೆಯಲ್ಲಿ ಒಂದೇ ಒಂದು ಆಕಳು ಕಟ್ಟಿಕೊಂಡಿದ್ದಳು. ಬಿಳಿಯ ಸಣ್ಣ ಜಾತಿಯ ಆಕಳು, ಇನ್ನೂ ಎರಡನೆಯ ಕರುವಿನದು. ನಾನು ಅದರ ನಾಲಿಗೆ ಎಳೆದು ಹಿಡಿದು, ತಲೆ ಮೇಲೆತ್ತಿ ಗೊಟ್ಟ ಇಳಿಸಿದೆ. ಆಗಲೇ ಹಿಂದಿನ ತೋಟದಿಂದ ನಗು ಕೇಳಿಸಿತು. ಊಟ ಮುಗಿಸಿದ ಹೊನ್ನಪ್ಪನ ಸುತ್ತ ಜನ ಸೇರಿ ಏನೋ ಹೇಳಿ ನಗುತ್ತಿದ್ದರು. ನನ್ನ ಕಿವಿ ಅಲ್ಲಿತ್ತು. ಆಕಳು ಕೆಮ್ಮಿತು.

"ತಡೀರಿ, ತಡೀರಿ. ಅದಕ್ಕೆ ಉಸಿರು ಕಟ್ತದೆ," ಎಂದಳು ನಾಗಮ್ಮ.

"ಕೆಮ್ಮು ಬರೂದೇ. ನೀವು ಹಿಡ್ಕೊಳ್ಳಿ."

ಮತ್ತೆ ಕೆಮ್ಮಿತು. ನಾನು ಉಳಿದದ್ದನ್ನೂ ಸುರಿದು ಮುಗಿಸಿದೆ. ನಾಲ್ಕನೆಯ ಮನೆಗೆ ಹೋದೆ.

ಮೂರನೆಯ ದಿನ ಪುನಃ ಬಾಡಕ್ಕೆ ಹೋದಾಗ ಆ ಆಕಳು ಮೂಗು ಅರಳಿಸಿ, ಕುತ್ತಿಗೆ ಮುಂದೆ ಚಾಚಿ ಉಸಿರೆಳೆಯುತ್ತಿತ್ತು. ನೋಡಿದ ಕೂಡಲೇ ನನಗೆ ತಿಳಿಯಿತು. ಮಧ್ಯಾಹ್ನ ಸತ್ತಿತು. ಕೇರಿಯ ಉಳಿದ ದನಗಳೆಲ್ಲ ಮೇಯತೊಡಗಿದ್ದವು.

"ಬೇನೆ ಎದೆಗೆ ಏರ್ತು," ಎಂದೆ ನಾನು.

ನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನೀವಾದ್ರೂ ಎಂತ ಮಾಡುಕಾಗ್ತದೆ? ಅವತ್ತು ಊಟ ಸಹ ಮಾಡ್ದೆ ಕೆಲ್ಸ ಮಾಡಿದ್ರಿ," ಎಂದು ನನಗೆ ಒಂದು ಎಳನೀರು ಕೆತ್ತಿಸಿ ಕೊಟ್ಟಳು. ಅದನ್ನು ಕುಡಿದೆ. ಭಟ್ಕಳದ ಶರಬತ್ತನ್ನು ಕುಡಿಯದವನು ಆ ಎಳನೀರನ್ನು ಕುಡಿದೆ. ನನ್ನ ಕೆಲಸದ ಬದುಕಿನಲ್ಲಿ ಇದಕ್ಕಿಂತ ಕೀಳಾದ ಗಳಿಗೆ ಇನ್ನೊಂದಿಲ್ಲ.

ಮರುದಿನದಿಂದ ಬಾಗಿಲು ತೆಗೆಯಲು ಕೈ ಬಾರದಾಯಿತು. ಬೀಗದ ಎದುರು ನಿಂತು ಯಾರಾದರೂ ಬರಲಿ ಎಂದು ಕಾಯುತ್ತಿದ್ದೆ. ವಾರದ ನಂತರ ಒಂದು ಹೋರಿಗರು ಚೌಕಟ್ಟಿಗೆ ಹೋಗಲು ಹಟ ಮಾಡಿದಾಗ ಕೈಯಲ್ಲಿದ್ದ ಗೊಟ್ಟದಿಂದ ಅದರ ಮೂತಿಗೆ ಹೊಡೆದೆ. ಒಂದಲ್ಲ, ಮೂರು ನಾಲ್ಕು ಸಲ. ಮೂಗಿನಿಂದ ರಕ್ತ ಬಂತು. ಹೊನ್ನಪ್ಪ ಓಡಿ ಬಂದು ನನ್ನ ಕೈ ಹಿಡಿದ. ಗೊಟ್ಟವನ್ನು ತೆಗೆದುಕೊಂಡು ಒಳಗಿಟ್ಟು, ಕರುವಿನ ಮೂಗು ಒರೆಸಿದ.

ಮಧ್ಯಾಹ್ನ ಡಾಕ್ಟರು ನನ್ನನ್ನು ಒಳಗೆ ಕರೆದರು. ಆಗಿದ್ದವರು ಪಾಟೀಲ ಡಾಕ್ಟರು, ಧಾರವಾಡದ ಕಡೆಯವರು. ಗಟ್ಟಿ ಗಂಟಲಿನವರು, ಆದರೆ ಆ ದಿನ ಮೆತ್ತಗೆ ಮಾತಾಡಿದರು.

"ಏನ್ರೀ ನಾಯ್ಕರ, ಬಾಡದಾಗ ಆ ಆಕಳಾ ಹೆಂಗ ಸತ್ತಿತು?"

ನಾನು ಮತ್ತೆ, "ಬೇನೆ ಎದೆಗೆ ಏರ್ತು, ಸಾಹೇಬ್ರೆ," ಎಂದೆ.

"ನಾ ಇಪ್ಪತ್ತು ವರ್ಷ ಕಾಲುಬಾಯಿ ಬ್ಯಾನಿ ನೋಡೇನಿ. ನನ್ನ ಮುಂದ ಈ ಮಾತು ಹೇಳಬ್ಯಾಡ್ರಿ."

ನಾನು ತಲೆ ತಗ್ಗಿಸಿದೆ. ಹೊನ್ನಪ್ಪ ಚಾಡಿ ಹೇಳಿದ್ದಾನೆ ಎಂದು ಮೈಯೆಲ್ಲ ಉರಿಯಿತು. ಆದರೂ ಬಾಯಿಂದ ನಿಜ ಬಂತು. ಗೊಟ್ಟ, ಕೆಮ್ಮು, ತಡೀರಿ ಎಂದದ್ದು, ತೋಟದ ನಗು, ಎಲ್ಲ ಹೇಳಿದೆ. ಅವರು ಕೇಳಿ ಮುಗಿಸಿ, "ರಜಾ ತೊಗೊಂಡು ಎಷ್ಟು ದಿವಸ ಆತು?" ಎಂದರು.

"ಮೂರು ವರ್ಷ ಒಂದು ದಿನವೂ ತೆಗೆದಿಲ್ಲ, ಸಾಹೇಬ್ರೆ." ಅಂಥ ಹೊತ್ತಿನಲ್ಲೂ ನನ್ನ ದನಿಯಲ್ಲಿ ಹೆಮ್ಮೆ ಇತ್ತು.

"ಅದನ್ನ ದೊಡ್ಡ ಮಾತಂತ ತಿಳಕೊಂಡೀರೇನು? ಆಕಳಾ ಸತ್ತದ್ದು ಅದರಿಂದನ. ತಪ್ಪು ನಂದೂ ಅದ. ನಿಮ್ಮನ್ನ ಗಾಣಕ್ಕ ಕಟ್ಟಿದ್ಹಂಗ ದುಡಿಸಿ ಸುಮ್ಮನ ಕೂತೆ, ನನಗ ಹಗುರಾಗತಿತ್ತು. ನಾಳೆ ಬಾಡಕ್ಕ ಹೋಗಿ ಆ ಹೆಣ್ಣುಮಗಳಿಗೆ ನಿಜ ಹೇಳ್ರಿ. ಆಮ್ಯಾಲೆ ಹದಿನೈದು ದಿವಸ ಈ ಕಡೆ ಮುಖ ತೋರಸಬ್ಯಾಡ್ರಿ."

ಹೊರಗೆ ಬಂದವನೇ ಬಾವಿಯ ಹತ್ತಿರ ಸಿರಿಂಜು ತೊಳೆಯುತ್ತಿದ್ದ ಹೊನ್ನಪ್ಪನ ಮೇಲೆ ಬಿದ್ದೆ.

"ಹೇಳಿಬಿಟ್ಯಲ್ಲ! ಈಗ ಸಮಾಧಾನ ಆಯ್ತಾ ನಿಂಗೆ?"

"ನಾ ಎಂತದೂ ಹೇಳ್ಲಿಲ್ಲ, ತಿಮ್ಮಣ್ಣ. ಕೆಮ್ಮು ಮಾತ್ರ ಕೇಳಿದ್ದೆ. ತೋಟಕ್ಕೂ ಕೇಳ್ತಿತ್ತು. ಎದ್ದು ಬರ್ಬೇಕಾಗಿತ್ತು, ಬರ್ಲಿಲ್ಲ. ನೀನು ಬಯ್ತೆ ಅಂತ ಬರ್ಲಿಲ್ಲ." ಸಿರಿಂಜನ್ನು ಕೆಳಗಿಟ್ಟು ಹೇಳಿದ, "ಇಲ್ಲಿಗೆ ಬರೂದಕ್ಕೆ ಮುಂಚೆ ಬೇರೆ ಕಡೆ ಕೆಲಸ ಕಲಿಯುವಾಗ ನಾನೂ ಒಂದು ಎಮ್ಮೆಗೆ ಹೀಗೇ ಮಾಡಿದ್ದೆ. ಆಮೇಲೆ ಮೂರು ತಿಂಗಳು ಮನೆಯಲ್ಲೇ ಇದ್ದೆ. ಗೊಟ್ಟ ಮುಟ್ಟುಕೇ ಆಗ್ತಿರ್ಲಿಲ್ಲ. ಅಪ್ಪನೇ ಹೇಳಿದ್ದು, ಒಂದು ಜೀವ ಹೋದ ದಿನ ನೀರಿಗೆ ಇಳಿ, ಸಂಜೆ ಬೇರೆ ಎಂತಾದ್ರೂ ಮಾಡು, ಅದನ್ನ ಮನೆಗೆ ಹೊತ್ಕೊಂಡು ಬರ್ಬೇಡ ಅಂತ. ಅದ್ಕೇ ಐದಕ್ಕೆ ಹೋಗೂದು. ಮದ್ದಳೆ ನಂಗೆ ಇನ್ನೂ ಸಮ ಬರೂದಿಲ್ಲ."

ಈ ಮಾತು ಕೇಳಿ ನನ್ನ ಮನಸ್ಸು ಕರಗಿತು ಎಂದು ಬರೆದರೆ ಚಂದ. ಆದರೆ ಹಾಗಾಗಲಿಲ್ಲ. ತಪ್ಪು ಮಾಡುವುದರಲ್ಲೂ ಇವನೇ ಮೊದಲು, ಅದರಿಂದ ಎದ್ದು ಬರುವುದರಲ್ಲೂ ಇವನೇ ಮೊದಲು ಎಂದು ಇನ್ನೂ ಒಂದಿಷ್ಟು ಉರಿಯಿತು. ಮನುಷ್ಯನ ಹೊಟ್ಟೆಕಿಚ್ಚು ಎಂಥದೆಂದು ಆ ದಿನ ತಿಳಿದೆ.

ಬಾಡಕ್ಕೆ ಹೋದೆ. ನಾಗಮ್ಮ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕೈ ನಿಂತಿತು.

"ನಾನು ತಡೀರಿ ಅಂದಿದ್ದೆ," ಎಂದಳು.

"ಹೌದು."

"ಎರಡು ಸಲ ಅಂದಿದ್ದೆ."

"ಹೌದು."

"ಮತ್ತೆ ನಾನು ನಿಮ್ಗೆ ಎಳನೀರು ಕೊಟ್ಟೆ." ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. "ಇನ್ಮೇಲೆ ನಮ್ಮ ಅಂಗಳಕ್ಕೆ ನೀವು ಬರೂದು ಬೇಡ. ಎಂತಾದ್ರೂ ಆದ್ರೆ ಆ ಇನ್ನೊಬ್ಬರು ಬರ್ಲಿ."

ಇನ್ನೊಬ್ಬರು. ನಾನು ಅಂಗಳದಿಂದ ಹೊರಗೆ ನಡೆದೆ.

ರಜೆಯ ಮೊದಲ ವಾರ ಮನೆಯಲ್ಲಿ ಕೂತು, ಈಗ ಹೊನ್ನಪ್ಪ ನನ್ನ ಊರುಗಳಿಗೆಲ್ಲ ಹೋಗುತ್ತಿರಬೇಕು, ಎಲ್ಲರೂ ಅವನನ್ನು ಹೊಗಳುತ್ತಿರಬೇಕು ಎಂದು ಕುದಿದೆ. ಗಿರಿಜೆ ಹೊತ್ತಿಗೆ ಸರಿಯಾಗಿ ಅನ್ನ ಹಾಕಿದಳು, ಬಟ್ಟೆಗಳನ್ನೆಲ್ಲ ಬೂದಿನೀರಿನಲ್ಲಿ ಕುದಿಸಿ ಒಗೆದಳು. ಎಂಟನೆಯದೋ ಒಂಬತ್ತನೆಯದೋ ದಿನ ಮಧ್ಯಾಹ್ನ ಮಲಗಿದವನು ಸಂಜೆಯವರೆಗೆ ನಿದ್ರಿಸಿದೆ. ಎದ್ದು ಕೊಟ್ಟಿಗೆಗೆ ಹೋದೆ. ನಮ್ಮ ದನ ಮೇವು ಮೆಲ್ಲುತ್ತಿತ್ತು. ಅದರ ಪಕ್ಕೆಗೆ ಕೈಯಿಟ್ಟು ನಿಂತೆ. ಯಾವ ಬೇನೆಯನ್ನೂ ಹುಡುಕದೆ ಒಂದು ದನವನ್ನು ಮುಟ್ಟಿ ಎಷ್ಟು ವರ್ಷವಾಗಿತ್ತು ಎಂದು ಆಗ ಲಕ್ಷ್ಯಕ್ಕೆ ಬಂತು. ಗಿರಿಜೆ ಬಾಗಿಲಲ್ಲಿ ನಿಂತು, "ಅದು ಈಗ ಮೇಯ್ತದೆ," ಎಂದಳು. ಅಷ್ಟು ಹೇಳುವಾಗ ಅವಳಿಗೆ ಹೆದರಿಕೆ ಇರಲಿಲ್ಲ.

ತಿರುಗಿ ಬಂದಾಗ ಪಾಟೀಲ ಡಾಕ್ಟರು ಆಸ್ಪತ್ರೆಯ ರೀತಿಯನ್ನೇ ಬದಲಿಸಿದ್ದರು. ಯಾವ ಸುತ್ತೋಲೆಯೂ ಬಂದಿರಲಿಲ್ಲ, ಅವರೇ ಯೋಚಿಸಿ ಮಾಡಿದ್ದು. ಬೇನೆ ಎದ್ದ ಊರಿಗೆ ಇಬ್ಬರೂ ಜೊತೆಯಾಗಿ ಹೋಗಬೇಕು, ಒಬ್ಬ ತಲೆ ಹಿಡಿಯಬೇಕು, ಒಬ್ಬ ಗೊಟ್ಟ ಹಾಕಬೇಕು. ಕೆಮ್ಮಿದರೆ ಹಿಡಿದವನ ಮಾತೇ ಕೊನೆ. ಹನ್ನೆರಡೂವರೆಗೆ ಕೆಲಸ ನಿಲ್ಲಿಸಿ ಇಬ್ಬರೂ ಉಣ್ಣಬೇಕು. ಕೈಯಲ್ಲಿ ದನ ಸತ್ತವನು ತಕ್ಷಣ ಮುಂದಿನ ದನವನ್ನು ಮುಟ್ಟಬಾರದು, ಡಾಕ್ಟರ ಎದುರು ಕೂತು ಏನಾಯಿತೆಂದು ಬಾಯಿಬಿಟ್ಟು ಹೇಳಿ ಏಳಬೇಕು. ಭಾನುವಾರ ಒಬ್ಬನಾದ ಮೇಲೆ ಒಬ್ಬನಿಗೆ ಬಿಡುವು. ಮೊದಮೊದಲು ಜನ ಗೊಣಗಿದರು, ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ ಎಂದು. ಆಮೇಲೆ ಅವರಿಗೂ ಅಭ್ಯಾಸವಾಯಿತು. ಮುಂದೆ ನಾನು ಕಂಡ ಯಾವ ಹೊಸ ಔಷಧವೂ ನಮ್ಮ ಕೆಲಸವನ್ನು ಇಷ್ಟು ಬದಲಿಸಲಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಇಂಥದ್ದು ಇಲ್ಲದಿದ್ದರೆ ಕೇಳಿ ಮಾಡಿಸಿಕೊಳ್ಳಿ. ಕೇಳುವುದಕ್ಕೆ ನಾಚಿಕೆಪಡಬೇಡಿ.

ಜೊತೆಯಾಗಿ ಕೆಲಸ ಮಾಡುವವರು ಎಷ್ಟು ದಿನ ಮಾತಾಡದೆ ಇರಲಾದೀತು? ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ಹೊನ್ನಪ್ಪ, ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರೀತದೆ. ಮೊದಲಿಂದಲೂ."

ಅವನು ತುತ್ತು ನುಂಗಿ ಹೇಳಿದ, "ನಂಗೆ ಗೊತ್ತು, ತಿಮ್ಮಣ್ಣ. ದನಕ್ಕೂ ಗೊತ್ತಿತ್ತು."

ಇಬ್ಬರೂ ನಕ್ಕೆವು. ನನಗೆ ನಗುತ್ತ ಕಣ್ಣಲ್ಲಿ ನೀರು ಬಂತು. ಹೊಟ್ಟೆಕಿಚ್ಚು ಆ ದಿನ ಹೋಗಲಿಲ್ಲ. ಆದರೆ ಹೇಳಿದ ಮೇಲೆ ಅದು ನನ್ನ ಕೈ ಹಿಡಿದು ಓಡಿಸುವುದನ್ನು ಬಿಟ್ಟಿತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಹೊನ್ನಪ್ಪನಿಗೆ ಘಟ್ಟದ ಮೇಲಕ್ಕೆ ವರ್ಗವಾಯಿತು. ಅವನು ಹೋದ ಎರಡು ತಿಂಗಳಿಗೆ ಬಾಡದಿಂದ ಒಬ್ಬ ಮನುಷ್ಯ ಬಂದ. ನಾಗಮ್ಮನ ಗಂಡ. ಅಷ್ಟು ವರ್ಷಗಳಲ್ಲಿ ಅವರ ಮನೆಗೆ ಹೊನ್ನಪ್ಪನೇ ಹೋಗುತ್ತಿದ್ದ, ನಾನು ಬೇಲಿಯ ಹೊರಗೆ ನಿಲ್ಲುತ್ತಿದ್ದೆ. "ಆಕಳಿಗೆ ಹೊಟ್ಟೆ ಉಬ್ಬರ. ಡಾಕ್ಟರಿಲ್ಲ ಅಂದ್ರು. ನೀವೇ ಬರ್ಬೇಕಂತೆ," ಎಂದ. ಯಾರು ಹೇಳಿದ್ದು ಎಂದು ಕೇಳುವ ಧೈರ್ಯವಾಗಲಿಲ್ಲ.

ನಾಗಮ್ಮ ಅಂಗಳದಲ್ಲಿ ನಿಂತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಬನ್ನಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಎಣ್ಣೆ ಕುಡಿಸಬೇಕಾಗಿತ್ತು. ನಾನು ಗೊಟ್ಟ ತೆಗೆದಾಗ ಅವಳು ಗಂಡನನ್ನು ಬದಿಗೆ ಸರಿಸಿ, ತಾನೇ ಆಕಳ ತಲೆ ಹಿಡಿದಳು. ಎಷ್ಟು ಎತ್ತಬೇಕೋ ಅಷ್ಟೇ ಎತ್ತಿದಳು, ಒಂದು ಬೆರಳು ಹೆಚ್ಚಿಲ್ಲ. ಹೊನ್ನಪ್ಪ ಕಲಿಸಿದ್ದನೆಂದು ನೋಡಿದರೇ ತಿಳಿಯುತ್ತಿತ್ತು. ನಾನು ಒಂದು ಗುಟುಕು ಹಾಕಿದೆ. ಕಾದೆ. ಆಕಳು ನುಂಗಿತು. ಇನ್ನೊಂದು ಗುಟುಕು. ಕಾದೆ. ಅವಳ ಕಣ್ಣು ನನ್ನ ಕೈಯ ಮೇಲಿತ್ತು.

ಅರ್ಧವಾಗುವಷ್ಟರಲ್ಲಿ ಅವಳು ಬಾಯಿಬಿಟ್ಟಳು. "ಹೊನ್ನಪ್ಪ ಆಗಿದ್ರೆ ಇಷ್ಟೊತ್ತಿಗೆ ಮುಗೀತಿತ್ತು."

ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು. ಎದ್ದದ್ದು ನನಗೆ ಚೆನ್ನಾಗಿ ಗೊತ್ತಾಯಿತು.

"ಮುಗೀತಿತ್ತು," ಎಂದೆ. ಆಕಳು ನುಂಗುವವರೆಗೆ ಕಾದು, ಇನ್ನೊಂದು ಗುಟುಕು ಹಾಕಿದೆ.